ಸಾಲ್ಮೊನೆಲ್ಲಾ ಪತ್ತೆಗೆ ವೈರಸ್ಸಿನ ಕೊಕ್ಕೆ: ಕಲಬುರಗಿಯ ಬಿಸಿಲಿನಲ್ಲಿ ಪಿ22 ಪ್ರೋಟೀನ್ ಸಿದ್ಧಪಡಿಸುವ ಸಮಗ್ರ ಮಾರ್ಗದರ್ಶಿ

ಈ ಮಾರ್ಗದರ್ಶಿಯಲ್ಲಿ ಜೀನು, ಪ್ರೋಟೀನು, ಬ್ಯಾಕ್ಟೀರಿಯಾಗಳ ಮಾತು ಎಷ್ಟಿದೆಯೋ ಝಳದ ಮಾತೂ ಅಷ್ಟೇ ಇದೆ. ಟೈಫಾಯ್ಡಿನಂಥ ರೋಗ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಬಾವಿಯ ನೀರು, ಕೋಳಿ ಶೆಡ್ಡಿನ ಕಸದಂಥ ಮಾದರಿಗಳಲ್ಲಿ ಪತ್ತೆಹಚ್ಚಲು ನಾವು ಕಟ್ಟಲಿರುವ ಪ್ರೋಟೀನಿನ ಸ್ವಭಾವವೇ ಅದಕ್ಕೆ ಕಾರಣ. ಮಡಿಕೆಗೊಂಡು ರೂಪ ತಳೆಯುವ ಹೊತ್ತಿನಲ್ಲಿ ಅದಕ್ಕೆ ತಂಪು ಬೇಕೇ ಬೇಕು. ಒಮ್ಮೆ ರೂಪ ತಳೆದ ಮೇಲೆ ಕಲಬುರಗಿಯ ಮೇ ತಿಂಗಳಲ್ಲ, ಒಲೆಯ ಮೇಲೆ ಆವಿಯಾಡುತ್ತಿರುವ ನೀರಿಗೂ ಅದು ಸುಲಭವಾಗಿ ಮಣಿಯುವುದಿಲ್ಲ. ಈ ಒಂದು ಸಂಗತಿ ತಿಳಿಯದೆ ನಾನು ಒಂದು ಬೇಸಿಗೆಯನ್ನೇ ಕಳೆದುಕೊಂಡೆ. ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜುಗಳಲ್ಲಿ ಸೂಕ್ಷ್ಮಜೀವಶಾಸ್ತ್ರ ಮತ್ತು ಜೈವಿಕ ತಂತ್ರಜ್ಞಾನ ಕಲಿಸುವವರೂ ಸ್ನಾತಕೋತ್ತರ ಯೋಜನೆಗೆ ವಿಷಯ ಹುಡುಕುತ್ತಿರುವವರೂ ಆ ಬೇಸಿಗೆಯನ್ನು ಉಳಿಸಿಕೊಳ್ಳಲಿ ಎಂದು ಕ್ರಮವನ್ನು ಮೊದಲಿನಿಂದ ಬರೆಯುತ್ತಿದ್ದೇನೆ.

ಕೊಕ್ಕೆ ಎಂದರೆ ಯಾವುದು

ಬ್ಯಾಕ್ಟೀರಿಯಾಗಳಿಗೂ ವೈರಸ್‌ಗಳ ಕಾಟವಿದೆ. 1915ರಲ್ಲಿ ಫ್ರೆಡ್ರಿಕ್ ಟ್ವಾರ್ಟ್ ಮತ್ತು 1917ರಲ್ಲಿ ಫೆಲಿಕ್ಸ್ ಡೆರೆಲ್ ವರದಿ ಮಾಡಿದ ಈ ವೈರಸ್‌ಗಳನ್ನು ಫೇಜ್ ಎಂದು ಕರೆಯುತ್ತೇವೆ. ಫೇಜ್ ಎದುರಿಗೆ ಸಿಕ್ಕ ಎಲ್ಲ ಬ್ಯಾಕ್ಟೀರಿಯಾಗಳ ಮೇಲೂ ಕೂರುವುದಿಲ್ಲ. ತನಗೆ ಬೇಕಾದ ಜಾತಿಯ ಹೊರಮೈಯನ್ನು ಬಾಲದ ತುದಿಯ ಪ್ರೋಟೀನುಗಳಿಂದ ತಡವಿ, ಗುರುತು ಹತ್ತಿದರೆ ಮಾತ್ರ ಅಂಟಿಕೊಳ್ಳುತ್ತದೆ. ಪತ್ತೆಕಾರ್ಯಕ್ಕೆ ನಮಗೆ ಬೇಕಾಗಿರುವುದು ಈ ಗುರುತು ಹಿಡಿಯುವ ಶಕ್ತಿಯೊಂದೇ ಆದ್ದರಿಂದ ಇಡೀ ವೈರಸ್ಸನ್ನು ತರುವ, ಬೆಳೆಸುವ ಪ್ರಮೇಯವೇ ಬರುವುದಿಲ್ಲ. ಆ ಒಂದು ಪ್ರೋಟೀನಿನ ಜೀನನ್ನು ಬರೆಸಿ ತರಿಸಿಕೊಂಡರೆ ಸಾಕು.

ಇಲ್ಲಿ ಆಯ್ದುಕೊಂಡಿರುವುದು ಪಿ22 ಎಂಬ ಫೇಜಿನ ಬಾಲದ ತುದಿಯಲ್ಲಿ ಮುಳ್ಳಿನಂತಿರುವ ಟೈಲ್‌ಸ್ಪೈಕ್ ಪ್ರೋಟೀನ್. 1952ರಲ್ಲಿ ನಾರ್ಟನ್ ಜಿಂಡರ್ ಮತ್ತು ಜೋಶುವಾ ಲೆಡರ್‌ಬರ್ಗ್ ಸಾಲ್ಮೊನೆಲ್ಲಾ ಕುಲದಲ್ಲಿ ಜೀನುಗಳು ಫೇಜಿನ ಮೂಲಕ ಒಂದು ಕೋಶದಿಂದ ಇನ್ನೊಂದಕ್ಕೆ ಸಾಗುವುದನ್ನು ತೋರಿಸಿದಾಗ ಬಳಕೆಯಲ್ಲಿದ್ದದ್ದು ಇದೇ ಫೇಜ್. ಅನಂತರ ಜೊನಾಥನ್ ಕಿಂಗ್ ಮತ್ತು ಸಂಗಡಿಗರು ಪ್ರೋಟೀನ್ ಹೇಗೆ ಮಡಿಕೆಗೊಳ್ಳುತ್ತದೆ, ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಈ ಟೈಲ್‌ಸ್ಪೈಕನ್ನೇ ಮಾದರಿಯಾಗಿಟ್ಟುಕೊಂಡು ವರ್ಷಗಟ್ಟಲೆ ಅಭ್ಯಸಿಸಿದರು. 1994ರಲ್ಲಿ ಅದರ ಸ್ಫಟಿಕ ರಚನೆಯೂ ಪ್ರಕಟವಾಯಿತು. ಇಷ್ಟು ಚೆನ್ನಾಗಿ ಪರಿಚಿತವಾದ ಪ್ರೋಟೀನನ್ನು ಬಿಟ್ಟು ಹೊಸದರ ಬೆನ್ನು ಹತ್ತುವುದು, ಕೈಯಲ್ಲಿ ಒಂದೇ ವರ್ಷವಿರುವ ವಿದ್ಯಾರ್ಥಿಗೆ ಜಾಣತನವಲ್ಲವೆಂದು ನನ್ನ ಅಭಿಪ್ರಾಯ.

ಟೈಲ್‌ಸ್ಪೈಕಿನ ಒಂದು ಸರಪಳಿಯಲ್ಲಿ 666 ಅಮೈನೋ ಆಮ್ಲಗಳಿವೆ. ಅಂಥ ಮೂರು ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ಒಂದು ಟ್ರೈಮರ್ ಆಗುತ್ತದೆ. ಪ್ರತಿ ಸರಪಳಿಯ ನಡುಭಾಗ 13 ಸುತ್ತಿನ ಸುರುಳಿಯಾಗಿದ್ದು, ಆ ಸುರುಳಿಯ ಪಕ್ಕದ ಉದ್ದನೆಯ ತಗ್ಗಿನಲ್ಲಿ ಸಾಲ್ಮೊನೆಲ್ಲಾದ ಹೊರಮೈಯಿಂದ ಚಾಚಿರುವ ಸಕ್ಕರೆಯ ಸರಪಳಿ ಕೂರುತ್ತದೆ. ಈ ಸಕ್ಕರೆಯ ಸರಪಳಿಗೆ ಓ-ಆಂಟಿಜೆನ್ ಎಂದು ಹೆಸರು. ಗ್ಯಾಲಕ್ಟೋಸ್, ರ‍್ಯಾಮ್ನೋಸ್, ಮ್ಯಾನೋಸ್ ಎಂಬ ಮೂರು ಸಕ್ಕರೆಗಳು ಮತ್ತೆ ಮತ್ತೆ ಬರುತ್ತವೆ, ಮ್ಯಾನೋಸಿನ ಮಗ್ಗುಲಿಗೆ ನಾಲ್ಕನೆಯದೊಂದು ತೂಗುತ್ತಿರುತ್ತದೆ. ಓ-ಆಂಟಿಜೆನ್ನಿನ ಪ್ರಕಾರ ಸಾಲ್ಮೊನೆಲ್ಲಾವನ್ನು ಗುಂಪುಗಳಾಗಿ ವಿಂಗಡಿಸುತ್ತಾರೆ; ಆ ನಾಲ್ಕನೆಯ ಸಕ್ಕರೆ ಎ ಗುಂಪಿನಲ್ಲಿ ಪ್ಯಾರಟೋಸ್, ಬಿ ಗುಂಪಿನಲ್ಲಿ ಅಬೆಕ್ವೋಸ್, ಡಿ1 ಗುಂಪಿನಲ್ಲಿ ಟೈವೆಲೋಸ್. ಪಿ22 ಟೈಲ್‌ಸ್ಪೈಕ್ ಈ ಮೂರೂ ಗುಂಪುಗಳನ್ನು ಹಿಡಿಯುತ್ತದೆ. ನಮ್ಮ ಕಡೆಯ ಓದುಗರಿಗೆ ಇದರ ಅರ್ಥ ಬಿಡಿಸಿ ಹೇಳುವುದಾದರೆ, ಪ್ಯಾರಾಟೈಫಾಯ್ಡಿನ ಪ್ಯಾರಾಟೈಫಿ ಎ ಮೊದಲ ಗುಂಪಿನದು, ಆಹಾರ ಕೆಟ್ಟಾಗ ಕಾಣುವ ಟೈಫಿಮ್ಯೂರಿಯಮ್ ಎರಡನೆಯದು, ಟೈಫಾಯ್ಡಿನ ಟೈಫಿ, ಮೊಟ್ಟೆಯ ಮೂಲಕ ಬರುವ ಎಂಟರೈಟಿಡಿಸ್, ಕೋಳಿಗಳನ್ನು ಕೊಲ್ಲುವ ಗ್ಯಾಲಿನೇರಮ್ ಮೂರನೆಯದು. ಸಿ ಮತ್ತು ಇ ಗುಂಪಿನವು ಈ ಕೊಕ್ಕೆಗೆ ಸಿಗುವುದಿಲ್ಲ. ಈ ಮಿತಿಯನ್ನು ಯೋಜನಾ ವರದಿಯ ಮೊದಲ ಪುಟದಲ್ಲೇ ಬರೆಯಿರಿ.

ಅನುಮತಿ ಮತ್ತು ಸುರಕ್ಷತೆ

ಜೀನನ್ನು ಬೇರೊಂದು ಜೀವಿಯೊಳಗೆ ಸೇರಿಸುವ ಯಾವುದೇ ಕೆಲಸ ಪರಿಸರ ಸಂರಕ್ಷಣಾ ಕಾಯಿದೆಯಡಿಯ 1989ರ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಆದ್ದರಿಂದ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಮುಂದೆ ಕಾಗದ ಹೋಗದೆ ಕೆಲಸ ಆರಂಭಿಸಬಾರದು. ನಿಮ್ಮ ಕಾಲೇಜಿನಲ್ಲಿ ಅಂಥ ಸಮಿತಿ ಇಲ್ಲದಿದ್ದರೆ, ಸಮಿತಿಯಿರುವ ವಿಶ್ವವಿದ್ಯಾಲಯದೊಂದಿಗೆ ಕೂಡಿ ಮಾಡುವುದು ಸರಿಯಾದ ದಾರಿ. ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇವೆಲ್ಲ ನಮ್ಮ ಮೂರು ಜಿಲ್ಲೆಗಳೊಳಗೇ ಇವೆ. ಪ್ರೋಟೀನ್ ತಯಾರಿಸುವ ಹಂತದಲ್ಲಿ ಬಳಸುವ ಬಿಎಲ್21(ಡಿಇ3) ಎಂಬ ಇ. ಕೋಲಿ ತಳಿ ರೋಗ ತರುವಂಥದ್ದಲ್ಲ. ಪರೀಕ್ಷಿಸುವ ಹಂತದಲ್ಲಿ ಸಾಲ್ಮೊನೆಲ್ಲಾ ಬರುತ್ತದೆ; ಜೀವಂತ ಸಾಲ್ಮೊನೆಲ್ಲಾವನ್ನು ಮುಟ್ಟಲು ಎರಡನೆಯ ಹಂತದ ಜೈವಿಕ ಸುರಕ್ಷತೆಯ ಕೋಣೆ ಬೇಕು. ಅದಿಲ್ಲದವರು ಕಾಯಿಸಿ ಕೊಂದ ಕೋಶಗಳನ್ನೇ ತರಿಸಿಕೊಳ್ಳಬೇಕು. ಟೈಫಿಯನ್ನು ಬೆಳೆಸುವ ಆಸೆ ಬೇಡ. ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹಾಲಯದಿಂದ ಟೈಫಿಮ್ಯೂರಿಯಮ್ಮಿನ ಪ್ರಯೋಗಾಲಯ ತಳಿಯೊಂದನ್ನು ಸಂಸ್ಥೆಯ ಹೆಸರಿನಲ್ಲಿ ಪಡೆದರೆ ಇಡೀ ಕೆಲಸ ಸಾಗುತ್ತದೆ.

ಮೊದಲ ಹೆಜ್ಜೆ: ಜೀನಿನ ವಿನ್ಯಾಸ

ಕಂಪ್ಯೂಟರಿನ ಮುಂದೆ ಕುಳಿತು ಮಾಡುವ ಈ ಕೆಲಸದಲ್ಲಿ ಮೂರು ಬದಲಾವಣೆಗಳಿವೆ, ಮೂರಕ್ಕೂ ಕಾರಣವಿದೆ.

ಟೈಲ್‌ಸ್ಪೈಕಿನ ಮೊದಲ 108 ಅಮೈನೋ ಆಮ್ಲಗಳ ಕೆಲಸ ಅದನ್ನು ವೈರಸ್ಸಿನ ತಲೆಗೆ ಬಿಗಿಯುವುದಷ್ಟೇ. ನಮಗೆ ವೈರಸ್ಸೇ ಇಲ್ಲವಾದ್ದರಿಂದ ಆ ಭಾಗವನ್ನು ಕತ್ತರಿಸಿ, 109ರಿಂದ 666ರವರೆಗಿನ ತುಂಡನ್ನು ಉಳಿಸಿಕೊಳ್ಳಬೇಕು. ಉಳಿದ ತುಂಡು ಮೂರಾಗಿ ಹೆಣೆದುಕೊಳ್ಳುವುದನ್ನೂ ಸಕ್ಕರೆ ಹಿಡಿಯುವುದನ್ನೂ ಮರೆಯುವುದಿಲ್ಲ, ಗಟ್ಟಿತನವನ್ನೂ ಕಳೆದುಕೊಳ್ಳುವುದಿಲ್ಲ.

ಕತ್ತರಿಸಿದ ಜಾಗದಲ್ಲಿ, ಅಂದರೆ ಮುಂತುದಿಯಲ್ಲಿ, ಎರಡು ಬಾಲಂಗೋಚಿಗಳನ್ನು ಸೇರಿಸಬೇಕು: ಶುದ್ಧೀಕರಣಕ್ಕೆ ಆರು ಹಿಸ್ಟಿಡಿನ್‌ಗಳ ಟ್ಯಾಗ್, ಪತ್ತೆಗೆ ಎಂಟು ಅಮೈನೋ ಆಮ್ಲಗಳ ಸ್ಟ್ರೆಪ್-ಟ್ಯಾಗ್. ಹಿಂತುದಿಯಲ್ಲಿ ಸೇರಿಸಿದರೇನು ಎಂದು ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯಾದರೂ ಕೇಳುತ್ತಾನೆ. ಮೂರು ಸರಪಳಿಗಳು ಪರಸ್ಪರ ಹೆಣೆದುಕೊಳ್ಳುವುದು ಆ ತುದಿಯ ಕಡೆಯಲ್ಲೇ ಆದ್ದರಿಂದ ಅಲ್ಲಿ ಏನನ್ನೂ ಅಂಟಿಸದಿರುವುದು ಕ್ಷೇಮ. ಮುಂತುದಿಯಾದರೋ ಮೊದಲಿಂದಲೂ ಇನ್ನೊಂದು ವಸ್ತುವಿಗೆ ಜೋಡಣೆಯಾಗಲೆಂದೇ ಇರುವ ತುದಿ. ಸಕ್ಕರೆ ಕೂರುವ ತಗ್ಗಿಗೆ ಅಲ್ಲಿಂದ ಅಡ್ಡಿಯಾಗುವುದಿಲ್ಲ.

ಮೂರನೆಯ ಬದಲಾವಣೆಯೇ ಮುಖ್ಯವಾದದ್ದು. ಟೈಲ್‌ಸ್ಪೈಕ್ ಬರೀ ಕೊಕ್ಕೆಯಲ್ಲ, ಕತ್ತರಿಯೂ ಹೌದು. ಹಿಡಿದ ಓ-ಆಂಟಿಜೆನ್ನನ್ನು ರ‍್ಯಾಮ್ನೋಸ್ ಮತ್ತು ಗ್ಯಾಲಕ್ಟೋಸ್ ಕೂಡುವ ಕಡೆ ಕತ್ತರಿಸುತ್ತ, ಎಂಟೆಂಟು ಸಕ್ಕರೆಗಳ ತುಂಡುಗಳನ್ನು ಉದುರಿಸುತ್ತದೆ. ವೈರಸ್ಸಿಗೆ ಇದು ದಾರಿ ಕಡಿದುಕೊಳ್ಳುವ ಉಪಾಯ. ನಮಗೆ ಮಾತ್ರ ಗುರುತು ಹಿಡಿಯಬೇಕಾದ ವಸ್ತುವನ್ನೇ ಕಡಿದು ಎಸೆಯುವ ಪತ್ತೇದಾರನಿಂದ ಪ್ರಯೋಜನವಿಲ್ಲ. ಕತ್ತರಿಯ ಅಲಗಿನಲ್ಲಿರುವುದು 359ನೆಯ ಗ್ಲುಟಾಮಿಕ್ ಆಮ್ಲ, 392 ಮತ್ತು 395ನೆಯ ಆಸ್ಪಾರ್ಟಿಕ್ ಆಮ್ಲ. ಈ ಪೈಕಿ 392ನೆಯದನ್ನು ಆಸ್ಪರಾಜಿನ್ ಮಾಡಿದರೆ ಅಲಗು ಮೊಂಡಾಗುತ್ತದೆ, ಹಿಡಿತ ಉಳಿಯುತ್ತದೆ. ಜೀನಿನಲ್ಲಿ ಇದಕ್ಕೆ ಬದಲಾಗಬೇಕಾದದ್ದು ಒಂದೇ ಅಕ್ಷರ: ಆಸ್ಪಾರ್ಟಿಕ್ ಆಮ್ಲದ ಜಿಎಟಿ ಅಥವಾ ಜಿಎಸಿ ಸಂಕೇತದ ಮೊದಲಿನ ಜಿ ಹೋಗಿ ಎ ಬರಬೇಕು.

ಇಲ್ಲೊಂದು ಮುಗ್ಗರಿಸುವ ಕಲ್ಲಿದೆ. ಮೇಲಿನ ಸಂಖ್ಯೆಗಳೆಲ್ಲ ಮೊದಲಿನ ಮೆಥಿಯೊನಿನ್ ಕಳಚಿದ, ಪಕ್ವ ಪ್ರೋಟೀನಿನ ಲೆಕ್ಕದವು. ದತ್ತಾಂಶ ಕೋಶದಿಂದ ಇಳಿಸಿಕೊಳ್ಳುವ ಅನುಕ್ರಮದಲ್ಲಿ ಆ ಮೆಥಿಯೊನಿನ್ ಸೇರಿ 667 ಇರುತ್ತವೆ, ಆದ್ದರಿಂದ ಎಲ್ಲ ಸ್ಥಾನಗಳೂ ಒಂದೊಂದು ಮುಂದೆ ಸರಿಯುತ್ತವೆ. ಕಣ್ಣುಮುಚ್ಚಿ 392ಕ್ಕೆ ಕೈ ಹಾಕಿದರೆ ಪಕ್ಕದವನ ತಲೆ ಹೋಗುತ್ತದೆ. ಸಂಖ್ಯೆಯನ್ನು ನಂಬದೆ ಅಂತರವನ್ನು ನಂಬಿ: ಬದಲಿಸಲಿರುವ ಆಸ್ಪಾರ್ಟಿಕ್ ಆಮ್ಲದ 33 ಸ್ಥಾನ ಹಿಂದೆ ಗ್ಲುಟಾಮಿಕ್ ಆಮ್ಲವೂ 3 ಸ್ಥಾನ ಮುಂದೆ ಇನ್ನೊಂದು ಆಸ್ಪಾರ್ಟಿಕ್ ಆಮ್ಲವೂ ಇದ್ದರೆ ನೀವು ಸರಿಯಾದ ಮನೆಯ ಬಾಗಿಲಲ್ಲೇ ನಿಂತಿದ್ದೀರಿ.

ಹೀಗೆ ಸಿದ್ಧವಾದ ಜೀನು ಟ್ಯಾಗ್‌ಗಳೂ ಸೇರಿ ಸುಮಾರು 1750 ಅಕ್ಷರ ಉದ್ದವಿರುತ್ತದೆ. ಇದನ್ನು ಪಿಇಟಿ ಸರಣಿಯ, ಕ್ಯಾನಮೈಸಿನ್ ನಿರೋಧದ ಪ್ಲಾಸ್ಮಿಡ್ಡಿನಲ್ಲಿ (ಜೀನನ್ನು ಬ್ಯಾಕ್ಟೀರಿಯಾದೊಳಗೆ ಹೊತ್ತೊಯ್ಯುವ ಡಿಎನ್ಎ ಉಂಗುರದಲ್ಲಿ) ಕೂರಿಸಿಯೇ ಕಳಿಸುವಂತೆ ಜೀನ್ ಬರೆದುಕೊಡುವ ಕಂಪನಿಗಳನ್ನು ಕೇಳಬಹುದು. ಖರ್ಚು ಸ್ವಲ್ಪ ಹೆಚ್ಚು, ಆದರೆ ಕ್ಲೋನಿಂಗಿನಲ್ಲಿ ಕಳೆಯುವ ತಿಂಗಳುಗಳನ್ನು ಲೆಕ್ಕ ಹಾಕಿದರೆ ಅದೇ ಅಗ್ಗ. ಕತ್ತರಿ ಮೊಂಡಾಗದ ಮೂಲ ರೂಪವನ್ನೂ ಜೊತೆಗೆ ತರಿಸಿಕೊಂಡರೆ ಹೋಲಿಕೆಗೆ ಬರುತ್ತದೆ. ಬಂದ ಪ್ಲಾಸ್ಮಿಡ್ಡಿನ ಅನುಕ್ರಮವನ್ನು ಮತ್ತೊಮ್ಮೆ ಓದಿಸಿ ನೋಡಿದ ಮೇಲೆಯೇ ಮುಂದುವರಿಯಬೇಕು.

ಎರಡನೆಯ ಹೆಜ್ಜೆ: ತಂಪಿನಲ್ಲಿ ಬೆಳೆಸುವುದು

ಪ್ಲಾಸ್ಮಿಡ್ಡನ್ನು ಬಿಎಲ್21(ಡಿಇ3) ಕೋಶಗಳಿಗೆ ಸೇರಿಸುವುದು ಪದವಿ ತರಗತಿಯಲ್ಲೇ ಕಲಿತ ಕೆಲಸ, ಅದನ್ನು ವಿವರಿಸುವುದಿಲ್ಲ. ಒಂದು ಕಾಲೊನಿಯನ್ನು ಎತ್ತಿ ರಾತ್ರಿಯಿಡೀ ಬೆಳೆಸಿ, ಮರುದಿನ ಪ್ರತಿ ಮಿಲಿಲೀಟರಿಗೆ 50 ಮೈಕ್ರೊಗ್ರಾಂ ಕ್ಯಾನಮೈಸಿನ್ ಇರುವ ಅರ್ಧ ಲೀಟರ್ ಎಲ್‌ಬಿ ದ್ರವಕ್ಕೆ ನೂರಕ್ಕೆ ಒಂದರಂತೆ ಹಾಕಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗಾಡಿಸುತ್ತ ಬೆಳೆಸಬೇಕು. 600 ನ್ಯಾನೊಮೀಟರಿನಲ್ಲಿ ದ್ರವದ ಸಾಂದ್ರತೆ 0.6 ತಲುಪಿದಾಗ ಫ್ಲಾಸ್ಕನ್ನು ಹೊರತೆಗೆದು 20 ನಿಮಿಷ ಮಂಜುಗಡ್ಡೆಯಲ್ಲಿ ಇಡಬೇಕು. ಅದಾದ ಮೇಲೆಯೇ ಜೀನನ್ನು ಚಾಲೂ ಮಾಡುವ ಐಪಿಟಿಜಿ ಎಂಬ ರಾಸಾಯನಿಕವನ್ನು 0.2 ಮಿಲಿಮೋಲಾರ್ ಆಗುವಷ್ಟು ಹಾಕಿ, 20 ಡಿಗ್ರಿಯಲ್ಲಿ 16ರಿಂದ 18 ತಾಸು ಬಿಡಬೇಕು.

ಈ ಕೊನೆಯ ವಾಕ್ಯ ಓದಲು ಸರಳವಾಗಿದೆ. ಏಪ್ರಿಲ್ ತಿಂಗಳಲ್ಲಿ ಮಾಡಲು ಹೋದರೆ ಮಾತ್ರ ಇದರ ಬಿಸಿ ತಿಳಿಯುತ್ತದೆ. ಮೊದಲ ಸಲ ನಾನು ಶೇಕರಿನ ಗುಂಡಿಯನ್ನು 20ಕ್ಕೆ ತಿರುಗಿಸಿ ನಿಶ್ಚಿಂತೆಯಿಂದ ಮನೆಗೆ ಹೋದೆ. ಬೆಳಿಗ್ಗೆ ಕೋಶಗಳನ್ನು ಒಡೆದು ಸೆಂಟ್ರಿಫ್ಯೂಜ್ ಮಾಡಿದರೆ ಪ್ರೋಟೀನೆಲ್ಲ ಸುಣ್ಣದ ಗಸಿಯಂತೆ ತಳಕ್ಕೆ ಕುಳಿತಿತ್ತು, ಮೇಲಿನ ದ್ರವದಲ್ಲಿ ಏನೂ ಇರಲಿಲ್ಲ. ಎರಡು ಸಲ, ಮೂರು ಸಲ ಅದೇ ಆಯಿತು. ಐಪಿಟಿಜಿಯ ಮೇಲೂ ಪ್ಲಾಸ್ಮಿಡ್ಡಿನ ಮೇಲೂ ಅನುಮಾನ ಪಟ್ಟು, ಎರಡನ್ನೂ ಹೊಸದಾಗಿ ತರಿಸಿದೆ. ಕೊನೆಗೆ ನಮ್ಮ ಪ್ರಯೋಗಾಲಯದ ಸಹಾಯಕರು, ಎಷ್ಟೋ ವರ್ಷಗಳಿಂದ ಆ ಯಂತ್ರವನ್ನು ಒರೆಸಿ ಇಡುತ್ತ ಬಂದವರು, ಮೆಲ್ಲಗೆ ಹೇಳಿದರು: "ಸರ, ಈ ಮಶಿನ್ ಬಿಸಿ ಮಾಡತದ್ರಿ, ತಣ್ಣಗ ಮಾಡಂಗಿಲ್ರಿ." ಒಳಗೆ ಹೀಟರ್ ಮಾತ್ರವಿತ್ತು. ಗುಂಡಿ 20 ಎಂದು ತೋರಿಸುತ್ತಿದ್ದರೂ ಫ್ಲಾಸ್ಕು ಕೋಣೆಯ ತಾಪದಲ್ಲಿ, ಮೋಟರಿನ ಬಿಸಿಯೂ ಸೇರಿ 38 ಡಿಗ್ರಿ ದಾಟಿದ ಗಾಳಿಯಲ್ಲಿ, ರಾತ್ರಿಯಿಡೀ ತಿರುಗಿತ್ತು.

ಪಿ22 ಟೈಲ್‌ಸ್ಪೈಕಿಗೆ ಇದು ಮಾರಕ. ಅದರ ಸರಪಳಿ ಮಡಿಕೆಗೊಳ್ಳುವಾಗ ನಡುವೆ ಒಂದು ಅರೆಬರೆ ಸ್ಥಿತಿ ಬರುತ್ತದೆ. ತಂಪಿದ್ದರೆ ಆ ಸ್ಥಿತಿಯಿಂದ ಮುಂದೆ ಸರಿದು ಮೂರರ ಹೆಣಿಗೆಗೆ ಸೇರಿಕೊಳ್ಳುತ್ತದೆ; ತಾಪ ಏರಿದಂತೆ ಅದೇ ಅರೆಬರೆ ಸರಪಳಿಗಳು ಒಂದಕ್ಕೊಂದು ಅಡ್ಡಾದಿಡ್ಡಿಯಾಗಿ ಅಂಟಿ ಗಂಟಾಗುತ್ತವೆ. 30 ಡಿಗ್ರಿಯಲ್ಲಿ ಹೆಚ್ಚಿನವು ದಡ ಸೇರುತ್ತವೆ, 40ರ ಆಸುಪಾಸಿನಲ್ಲಿ ಹೆಚ್ಚಿನವು ಗಂಟಾಗಿ ಹೋಗುತ್ತವೆ. ಗಂಟಾದದ್ದನ್ನು ಮತ್ತೆ ತಣ್ಣಗೆ ಮಾಡಿದರೆ ಬಿಡಿಸಿಕೊಳ್ಳುವುದಿಲ್ಲ.

ಆದ್ದರಿಂದ ಕೆಲಸಕ್ಕೆ ಕೈ ಹಾಕುವ ಮೊದಲೇ ನಿಮ್ಮ ಶೇಕರಿನೊಳಗೆ ಕಂಪ್ರೆಸರ್ ಇದೆಯೇ ಎಂದು ಹಿಂಬದಿ ತೆರೆದು ನೋಡಿ, ಒಳಗೊಂದು ಬೇರೆ ಥರ್ಮಾಮೀಟರ್ ಇಟ್ಟು ರಾತ್ರಿ ಮತ್ತು ನಡುಮಧ್ಯಾಹ್ನ ಎರಡೂ ಹೊತ್ತು ಓದಿಕೊಳ್ಳಿ. ಕಂಪ್ರೆಸರ್ ಇಲ್ಲದಿದ್ದರೆ ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಿಗೆ ಈ ಹಂತವನ್ನು ಕಾಯ್ದಿರಿಸುವುದು ಎಲ್ಲಕ್ಕಿಂತ ಸುಲಭದ ಉಪಾಯ. ನಮ್ಮ ಪ್ರೋಟೀನ್ ಮೊದಲು ದಕ್ಕಿದ್ದು ಹಾಗೆಯೇ. ಕಾಯಲಾಗದವರು ತಣ್ಣಗೂ ಮಾಡಬಲ್ಲ ಬಿಒಡಿ ಇನ್‌ಕ್ಯುಬೇಟರಿನೊಳಗೆ ಒಂದು ಸಣ್ಣ ಶೇಕರನ್ನಿಟ್ಟು ಬೆಳೆಸಬಹುದು, ಹವಾನಿಯಂತ್ರಿತ ಕೋಣೆಯಿದ್ದರೆ 25 ಡಿಗ್ರಿಗೂ ತೃಪ್ತಿಪಡಬಹುದು. ಬರ್ಫದ ಗಡ್ಡೆ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಫ್ಲಾಸ್ಕ್ ಇಟ್ಟು ನೋಡಿದ್ದೂ ಉಂಟು. ನಡುರಾತ್ರಿ ಯಾರಾದರೂ ಎದ್ದು ಬರ್ಫ ಬದಲಿಸಬೇಕಾಗುವುದರಿಂದ ಅದನ್ನು ಶಿಫಾರಸು ಮಾಡಲಾರೆ. ಕರೆಂಟು ಹೋಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡು ಇನ್ವರ್ಟರ್ ಇರುವ ಸಾಲಿಗೇ ಯಂತ್ರವನ್ನು ಜೋಡಿಸಿ.

ಮೂರನೆಯ ಹೆಜ್ಜೆ: ಒಡೆಯುವುದು, ಕಾಯಿಸುವುದು, ಶುದ್ಧಗೊಳಿಸುವುದು

ಕೋಶಗಳನ್ನು ಸೆಂಟ್ರಿಫ್ಯೂಜಿನಲ್ಲಿ ಕೂಡಿಸಿ, 50 ಮಿಲಿಮೋಲಾರ್ ಟ್ರಿಸ್ ಮತ್ತು 300 ಮಿಲಿಮೋಲಾರ್ ಉಪ್ಪು ಇರುವ, ಪಿಎಚ್ 8ರ ಬಫರಿನಲ್ಲಿ ಕಲಸಿ, ಮಂಜುಗಡ್ಡೆಯ ಮೇಲಿಟ್ಟು ಸೋನಿಕೇಟರಿನಿಂದ ಒಡೆಯಬೇಕು. ಬಫರಿಗೆ ಬೋರ್‌ವೆಲ್ ನೀರಿನಿಂದ ಬಂದದ್ದೇನನ್ನೂ ಬಳಸಬಾರದು. ಶಹಾಬಾದ್, ವಾಡಿ, ಸೇಡಂ ಕಡೆ ಕಾಲಡಿಯೆಲ್ಲ ಸುಣ್ಣಕಲ್ಲು. ಅಲ್ಲಿನ ನೀರಿನ ಗಡಸುತನ ಫಾಸ್ಫೇಟ್ ಬಫರಿನಲ್ಲಿ ಬಿಳಿ ಮಡ್ಡಿಯಾಗಿ ಇಳಿಯುತ್ತದೆ, ಅದನ್ನು ಕಂಡು ಪ್ರೋಟೀನೇ ಕೆಟ್ಟಿತೆಂದು ಹೆದರಿದವರಿದ್ದಾರೆ. ಎರಡು ಸಲ ಭಟ್ಟಿಯಿಳಿಸಿದ ನೀರೇ ಬೇಕು.

ಒಡೆದ ದ್ರವವನ್ನು ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು 65 ಡಿಗ್ರಿಯ ನೀರಿನ ಸ್ನಾನದಲ್ಲಿ 15 ನಿಮಿಷ ಇಡಿ. ಪ್ರೋಟೀನ್ ಕೆಲಸದಲ್ಲಿ ಪಳಗಿದವರಿಗೆ ಇದು ಹುಚ್ಚಾಟದಂತೆ ಕಾಣಬಹುದು, ಆದರೆ ಈ ಪ್ರೋಟೀನಿನ ಎರಡನೆಯ ಸ್ವಭಾವ ಉಪಯೋಗಕ್ಕೆ ಬರುವುದು ಇಲ್ಲಿಯೇ. ಪಕ್ವವಾದ ಟ್ರೈಮರ್ 80 ಡಿಗ್ರಿಯ ಆಚೆಗೂ ಬಿಚ್ಚಿಕೊಳ್ಳುವುದಿಲ್ಲ, ಇ. ಕೋಲಿಯ ಪ್ರೋಟೀನುಗಳಲ್ಲಿ ಬಹಳಷ್ಟು 65ಕ್ಕೇ ಬೆಂದು ಮೊಸರಾಗುತ್ತವೆ. ಅರೆಬರೆ ಮಡಿಕೆಯವೂ ಆ ಮೊಸರಿನ ಜೊತೆಗೇ ಹೋಗುವುದರಿಂದ ಉಳಿಯುವುದು ಗಟ್ಟಿಕಾಳು ಮಾತ್ರ. ಮತ್ತೊಮ್ಮೆ ಸೆಂಟ್ರಿಫ್ಯೂಜ್ ಮಾಡಿ, ತಿಳಿಯನ್ನು ಹಿಸ್ಟಿಡಿನ್ ಟ್ಯಾಗನ್ನು ಹಿಡಿದುಕೊಳ್ಳುವ ನಿಕಲ್ ಕಾಲಮ್ಮಿನ ಮೂಲಕ ಹಾಯಿಸಿ, ಆ ಹಿಡಿತ ಬಿಡಿಸುವ ಇಮಿಡಜೋಲ್ 20 ಮಿಲಿಮೋಲಾರ್ ಇರುವ ಬಫರಿನಿಂದ ತೊಳೆದು, 250 ಮಿಲಿಮೋಲಾರಿನಿಂದ ಇಳಿಸಿಕೊಳ್ಳಿ. ಒಂದೊಂದು ಟ್ರೈಮರಿಗೂ ಮೂರು ಟ್ಯಾಗ್‌ಗಳಿರುವುದರಿಂದ ಕಾಲಮ್ಮಿಗೆ ಅದು ಬಿಗಿಯಾಗಿ ಕೂರುತ್ತದೆ, ತೊಳೆಯಲು ಅಂಜಬೇಕಾಗಿಲ್ಲ. ಇಮಿಡಜೋಲನ್ನು ಡಯಾಲಿಸಿಸ್ ಮಾಡಿ ತೆಗೆದು, ಫಾಸ್ಫೇಟ್ ಬಫರಿನಲ್ಲಿ 4 ಡಿಗ್ರಿಯಲ್ಲಿ ಇಡಬೇಕು.

ನಾಲ್ಕನೆಯ ಹೆಜ್ಜೆ: ಎರಡು ಬಾವಿಯ ಪರೀಕ್ಷೆ

ಮಾಡಿದ್ದು ಸರಿಯಾಗಿದೆಯೇ ಎಂದು ತಿಳಿಯಲು ದುಬಾರಿ ಯಂತ್ರ ಬೇಕಿಲ್ಲ, ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸುವ ಎಸ್‌ಡಿಎಸ್ ಜೆಲ್ ಸಾಕು. ಒಂದೇ ಮಾದರಿಯನ್ನು ಎಸ್‌ಡಿಎಸ್ ಇರುವ ಬಣ್ಣದ ದ್ರವದೊಂದಿಗೆ ಕಲಸಿ ಎರಡು ಪಾಲು ಮಾಡಿ. ಒಂದನ್ನು 5 ನಿಮಿಷ ಕುದಿಯುವ ನೀರಿನಲ್ಲಿಡಿ, ಇನ್ನೊಂದನ್ನು ಹಾಗೆಯೇ ಬಿಡಿ, ಎರಡನ್ನೂ ಜೆಲ್ಲಿನ ಪಕ್ಕಪಕ್ಕದ ಬಾವಿಗಳಲ್ಲಿ (ಮಾದರಿ ಹಾಕುವ ಸಣ್ಣ ಗುಳಿಗಳಲ್ಲಿ) ಹಾಕಿ ಓಡಿಸಿ. ಸಾಮಾನ್ಯ ಪ್ರೋಟೀನ್ ಎಸ್‌ಡಿಎಸ್ ತಗುಲಿದೊಡನೆ ಬಿಚ್ಚಿಕೊಳ್ಳುತ್ತದೆ. ಪಕ್ವ ಟೈಲ್‌ಸ್ಪೈಕ್ ಹಾಗಲ್ಲ: ಕುದಿಸದ ಬಾವಿಯಲ್ಲಿ ಟ್ರೈಮರಾಗಿಯೇ ಮೇಲೆ ನಿಲ್ಲುತ್ತದೆ, ಕುದಿಸಿದ ಬಾವಿಯಲ್ಲಿ ಸರಪಳಿಗಳು ಬೇರ್ಪಟ್ಟು ಸುಮಾರು 60 ಕಿಲೋಡಾಲ್ಟನ್ನಿನ ಹತ್ತಿರಕ್ಕೆ ಇಳಿಯುತ್ತದೆ. ಕುದಿಸದ ಬಾವಿಯಲ್ಲೂ ಕೆಳಗಿನ ಪಟ್ಟಿಯೇ ದಪ್ಪವಾಗಿ ಕಂಡರೆ ನಿಮ್ಮ ಶೇಕರಿನ ತಾಪವನ್ನು ಮತ್ತೊಮ್ಮೆ ನೋಡಿ. ಇಡೀ ವಿಧಾನದಲ್ಲಿ ನನಗೆ ಅತ್ಯಂತ ಪ್ರಿಯವಾದ ಹಂತ ಇದು. ವಿದ್ಯಾರ್ಥಿಗಳಿಗೆ ಪ್ರೋಟೀನಿನ ಮಡಿಕೆ ಎಂದರೇನೆಂದು ಇದಕ್ಕಿಂತ ಕಣ್ಣಿಗೆ ಕಟ್ಟುವಂತೆ ತೋರಿಸಲು ಬೇರೆ ದಾರಿ ನನಗೆ ಸಿಕ್ಕಿಲ್ಲ.

ಐದನೆಯ ಹೆಜ್ಜೆ: ಮಾದರಿಯನ್ನು ಸಿದ್ಧಗೊಳಿಸುವುದು

ಭೀಮಾ ದಂಡೆಯ ಊರಿನ ಬಾವಿಯ ನೀರಿರಲಿ, ಕೋಳಿ ಸಾಕಣೆಯ ಶೆಡ್ಡಿನ ಕಸವಿರಲಿ, ಅದನ್ನು ನೇರವಾಗಿ ಪ್ಲೇಟಿಗೆ ಹಾಕಿದರೆ ಏನೂ ಕಾಣುವುದಿಲ್ಲ. ಈ ಬಗೆಯ ಬಣ್ಣದ ಪರೀಕ್ಷೆಗೆ ಮಿಲಿಲೀಟರಿಗೆ ಲಕ್ಷದ ಲೆಕ್ಕದಲ್ಲಿ ಕೋಶಗಳಿರಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500 ಹೇಳುವುದು 100 ಮಿಲಿಲೀಟರಿನಲ್ಲಿ ಒಂದೂ ಇ. ಕೋಲಿ ಇರಬಾರದೆಂದು, ಈ ಎರಡು ಲೆಕ್ಕಗಳ ನಡುವಿನ ದೂರವನ್ನು ತುಂಬುವುದು ಬೆಳೆಸುವಿಕೆಯೇ. ನೀರನ್ನು 0.45 ಮೈಕ್ರೊಮೀಟರ್ ರಂಧ್ರದ ಪೊರೆಯಲ್ಲಿ ಸೋಸಿ, ಆ ಪೊರೆಯನ್ನು ಬಫರ್ ಸೇರಿಸಿದ ಪೆಪ್ಟೋನ್ ನೀರಿನಲ್ಲಿ 37 ಡಿಗ್ರಿಯಲ್ಲಿ 18 ತಾಸು ಇಟ್ಟು, ಅದರಿಂದ ಒಂದಿಷ್ಟನ್ನು ಸಾಲ್ಮೊನೆಲ್ಲಾಕ್ಕೆ ಒಗ್ಗುವ, ಇತರರನ್ನು ಹಿಂದೆ ಹಾಕುವ ರ‍್ಯಾಪಪೋರ್ಟ್-ವ್ಯಾಸಿಲಿಯಾಡಿಸ್ ದ್ರವದಲ್ಲಿ 41.5 ಡಿಗ್ರಿಯಲ್ಲಿ 24 ತಾಸು ಬೆಳೆಸಬೇಕು. ಟೈಫಿ ಈ ದ್ರವದಲ್ಲಿ ಚೆನ್ನಾಗಿ ಬೆಳೆಯುವುದಿಲ್ಲವೆಂಬುದು ನೆನಪಿರಲಿ. ನಮ್ಮ ಬೇಸಿಗೆ ಇಷ್ಟು ಹೊತ್ತು ಶತ್ರುವಾಗಿದ್ದದ್ದು ಈ ಒಂದು ಹಂತದಲ್ಲಿ ಇನ್‌ಕ್ಯುಬೇಟರಿನ ಕರೆಂಟು ಉಳಿಸುತ್ತದೆ.

ಹಳ್ಳಿಗಳಲ್ಲಿ ನೀರು ಪರೀಕ್ಷಿಸಲು ಕೊಡುವ, ಕಪ್ಪಾದರೆ ಕೆಟ್ಟ ನೀರೆಂದು ತಿಳಿಯುವ ಸಣ್ಣ ಸೀಸೆಗಳನ್ನು ನೀವು ನೋಡಿರುತ್ತೀರಿ. ಮಾಂಜಾ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಹೈಡ್ರೋಜನ್ ಸಲ್ಫೈಡ್ ವಿಧಾನ ಅದು. ಮಲದ ಸಂಪರ್ಕವಾಗಿದೆಯೇ ಎಂದಷ್ಟೇ ಅದು ಸೂಚಿಸುತ್ತದೆ, ಯಾವ ಬ್ಯಾಕ್ಟೀರಿಯಾ ಎಂದು ಹೇಳುವುದಿಲ್ಲ. ಹತ್ತಾರು ಊರಿನ ಮಾದರಿಗಳಿದ್ದರೆ ಮೊದಲು ಆ ಸೀಸೆಗಳಲ್ಲಿ ಜರಡಿ ಹಿಡಿದು, ಕಪ್ಪಾದವುಗಳನ್ನು ಮೊದಲು ಕೈಗೆತ್ತಿಕೊಂಡರೆ ಶ್ರಮ ಉಳಿಯುತ್ತದೆ.

ಬೆಳೆದ ದ್ರವವನ್ನು ಈಗ 100 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಬೇಕು. ಇದರಿಂದ ಬ್ಯಾಕ್ಟೀರಿಯಾ ಸಾಯುತ್ತದೆ, ಮುಂದಿನ ಕೆಲಸ ನಿರಪಾಯವಾಗುತ್ತದೆ. ಟೈಫಿಯ ಮೈಮೇಲೆ ವಿಐ ಎಂಬ ಇನ್ನೊಂದು ಸಕ್ಕರೆಯ ಹೊದಿಕೆಯಿದ್ದು, ಅದು ಓ-ಆಂಟಿಜೆನ್ನನ್ನು ಮರೆಮಾಡುತ್ತದೆ. ಕಾಯಿಸಿದಾಗ ಆ ಹೊದಿಕೆ ಕಳಚುತ್ತದೆ. ಓ-ಆಂಟಿಜೆನ್ ಮಾತ್ರ ಕುದಿತವನ್ನು ತಾಳಿಕೊಂಡು ಉಳಿಯುತ್ತದೆ. ಕೋಶಗಳನ್ನು ಸೆಂಟ್ರಿಫ್ಯೂಜಿನಲ್ಲಿ ಕೂಡಿಸಿ, ಎರಡು ಸಲ ತೊಳೆದು, ಬಫರಿನಲ್ಲಿ ಕಲಸಿಡಿ.

ಆರನೆಯ ಹೆಜ್ಜೆ: ಪ್ಲೇಟಿನಲ್ಲಿ ಬಣ್ಣ

ಎಲೈಸಾ (ಪ್ರತಿಕಾಯದಿಂದ ಗುರುತು ಹಿಡಿದು ಬಣ್ಣದಿಂದ ತೋರಿಸುವ ಪರೀಕ್ಷೆ) ಮಾಡಿದವರಿಗೆ ಈ ಹಂತ ಪರಿಚಿತವೇ. ಪ್ರತಿಕಾಯದ ಜಾಗದಲ್ಲಿ ಇಲ್ಲಿ ಟೈಲ್‌ಸ್ಪೈಕ್ ಇರುತ್ತದೆ. 96 ಬಾವಿಗಳ ಪ್ಲೇಟಿನಲ್ಲಿ ಬಾವಿಯೊಂದಕ್ಕೆ 100 ಮೈಕ್ರೋಲೀಟರ್ ಕೋಶದ ದ್ರವ ಹಾಕಿ ರಾತ್ರಿಯಿಡೀ 4 ಡಿಗ್ರಿಯಲ್ಲಿಡಿ. ತೊಳೆದು, ಖಾಲಿ ಜಾಗವನ್ನು ಶೇಕಡಾ 2ರ ಬಿಎಸ್‌ಎ ಪ್ರೋಟೀನಿನಿಂದ ಒಂದು ತಾಸು ಮುಚ್ಚಿ. ಅಗ್ಗವೆಂದು ಹಾಲಿನ ಪುಡಿ ಬಳಸಬೇಡಿ: ಹಾಲಿನಲ್ಲಿರುವ ಬಯೋಟಿನ್ ಮುಂದಿನ ಹಂತದ, ನಮ್ಮ ಸ್ಟ್ರೆಪ್-ಟ್ಯಾಗನ್ನು ಹಿಡಿಯುವ ಪ್ರೋಟೀನಾದ ಸ್ಟ್ರೆಪ್-ಟ್ಯಾಕ್ಟಿನ್ನಿಗೆ ಹೋಗಿ ಕೂತು, ನಮ್ಮ ಟ್ಯಾಗಿಗೆ ಜಾಗವಿಲ್ಲದಂತೆ ಮಾಡುತ್ತದೆ. ಅನಂತರ ಮಿಲಿಲೀಟರಿಗೆ 5 ಮೈಕ್ರೊಗ್ರಾಂನಷ್ಟು ಟೈಲ್‌ಸ್ಪೈಕ್ ಹಾಕಿ ಒಂದು ತಾಸು ಬಿಟ್ಟು, ಟ್ವೀನ್ ಸೇರಿಸಿದ ಬಫರಿನಿಂದ ಮೂರು ಸಲ ತೊಳೆದು, ಪೆರಾಕ್ಸಿಡೇಸ್ ಎಂಬ ಕಿಣ್ವ ಜೋಡಿಸಿದ ಸ್ಟ್ರೆಪ್-ಟ್ಯಾಕ್ಟಿನ್ ಹಾಕಿ, ಮತ್ತೆ ತೊಳೆದು, ಆ ಕಿಣ್ವದಿಂದ ಬಣ್ಣ ತಾಳುವ ಟಿಎಂಬಿ ಹಾಕಬೇಕು. ನೀಲಿ ಬಣ್ಣ ಬಂದ ಮೇಲೆ ಗಂಧಕಾಮ್ಲದಿಂದ ನಿಲ್ಲಿಸಿದರೆ ಹಳದಿಯಾಗುತ್ತದೆ, ಅದನ್ನು 450 ನ್ಯಾನೊಮೀಟರಿನಲ್ಲಿ ಓದಬೇಕು. ಪ್ರೋಟೀನ್ ಕೆಡದಿರಲೆಂದು ಕೆಲವರು ಬಫರಿಗೆ ಸೋಡಿಯಂ ಅಜೈಡ್ ಹಾಕಿಡುತ್ತಾರೆ. ಅದು ಪೆರಾಕ್ಸಿಡೇಸನ್ನು ಕಟ್ಟಿಹಾಕುವುದರಿಂದ ಈ ಕೆಲಸದಲ್ಲಿ ಅದರ ಸೋಂಕೇ ಬೇಡ.

ಒಂದು ತಗ್ಗಿಗೂ ಒಂದು ಸಕ್ಕರೆಯ ತುಂಡಿಗೂ ನಡುವಿನ ಹಿಡಿತ ಹೇಳಿಕೊಳ್ಳುವಷ್ಟು ಬಿಗಿಯಲ್ಲ, ಮೈಕ್ರೊಮೋಲಾರಿನ ಮಟ್ಟದ್ದು. ಬ್ಯಾಕ್ಟೀರಿಯಾದ ಮೈಮೇಲೆ ಅಂಥ ಸರಪಳಿಗಳು ಒತ್ತೊತ್ತಾಗಿದ್ದು, ಮೂರು ತಗ್ಗುಗಳೂ ಒಟ್ಟಿಗೆ ಹಿಡಿಯುವುದರಿಂದ ತೊಳೆತವನ್ನು ತಾಳುವಷ್ಟು ಬಲ ಬರುತ್ತದೆ. ಹಾಗೆಂದು ಮೂರರ ಬದಲು ಹತ್ತು ಸಲ ತೊಳೆದರೆ ನಿಜವಾದ ಬಣ್ಣವೂ ಹೋದೀತು.

ಯಾವ ಬಾವಿಯಲ್ಲಿ ಬಣ್ಣ ಬರಬಾರದು ಎಂಬುದನ್ನು ಮೊದಲೇ ನಿಶ್ಚಯಿಸಿರಬೇಕು. ಕೆ-12 ಎಂಬ ಪ್ರಯೋಗಾಲಯದ ಇ. ಕೋಲಿ ತಳಿಗೆ ಓ-ಆಂಟಿಜೆನ್ನೇ ಇಲ್ಲ, ಅಲ್ಲಿ ಬಣ್ಣ ಬಂದರೆ ತೊಳೆತ ಸಾಲದು ಎಂದರ್ಥ. ಟೈಲ್‌ಸ್ಪೈಕ್ ಹಾಕದ ಬಾವಿಯಲ್ಲಿ ಬಂದರೆ ಮುಚ್ಚಿಕೆ ಸಾಲದು. ಕತ್ತರಿ ಮೊಂಡಾಗದ ಮೂಲ ರೂಪವನ್ನು ಪಕ್ಕದ ಸಾಲಿನಲ್ಲಿ ಹಾಕಿದರೆ ಆ ಒಂದು ಅಕ್ಷರದ ಬದಲಾವಣೆ ಏನು ಮಾಡಿತೆಂದು ಹೋಲಿಸಿ ನೋಡಬಹುದು. ಟೈಲ್‌ಸ್ಪೈಕನ್ನು ಶುದ್ಧ ಸಾಲ್ಮೊನೆಲ್ಲಾ ಲಿಪೊಪಾಲಿಸ್ಯಾಕರೈಡಿನೊಂದಿಗೆ (ಓ-ಆಂಟಿಜೆನ್ ಹೊತ್ತ ಹೊರಮೈಯ ವಸ್ತುವಿನೊಂದಿಗೆ) ಮೊದಲೇ ಕಲಸಿ ಹಾಕಿದಾಗ ಬಣ್ಣ ತಗ್ಗಿದರೆ, ಹಿಡಿತ ಆ ಸಕ್ಕರೆಗೇ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಬಣ್ಣ ಬಾರದಿದ್ದ ಮಾತ್ರಕ್ಕೆ ಸಾಲ್ಮೊನೆಲ್ಲಾ ಇಲ್ಲವೆನ್ನಲಾಗದು: ಬೇರೆ ಗುಂಪಿನದಿರಬಹುದು, ಓ-ಆಂಟಿಜೆನ್ ಕಳೆದುಕೊಂಡ ಒರಟು ತಳಿಯಿರಬಹುದು, ಸಕ್ಕರೆಗೆ ಗ್ಲೂಕೋಸ್ ಸೇರಿ ಹಿಡಿತ ಬದಲಾಗಿರಬಹುದು. ಬಣ್ಣ ಬಂದ ಮಾದರಿಯನ್ನು ಎಕ್ಸ್‌ಎಲ್‌ಡಿ ಅಗಾರಿನಲ್ಲಿ ಬೆಳೆಸಿ ಖಚಿತಪಡಿಸಿಕೊಳ್ಳಲೇಬೇಕು, ಅದಕ್ಕಾಗಿ ಕಾಯಿಸುವ ಮೊದಲೇ ಒಂದು ಪಾಲನ್ನು ಎತ್ತಿಟ್ಟಿರಬೇಕು.

ರೋಗಿಯ ರಕ್ತಕ್ಕೆ ಈ ಪರೀಕ್ಷೆಯನ್ನು ಹಚ್ಚಿ ಫಲಿತಾಂಶ ಹೇಳುವ ಕೆಲಸಕ್ಕೆ ಇಳಿಯಬೇಡಿ. ರೋಗನಿದಾನದ ಸಾಧನಕ್ಕೆ 2017ರ ವೈದ್ಯಕೀಯ ಸಾಧನಗಳ ನಿಯಮದಡಿ ಪರವಾನಗಿ ಬೇಕು. ಟೈಫಾಯ್ಡಿನ ವಿಡಾಲ್ ಪರೀಕ್ಷೆಯ ಚೀಟಿ ಹಿಡಿದು ಬರುವ ಪರಿಚಿತರಿಗೆ ರಕ್ತದ ಕಲ್ಚರ್ ಮಾಡಿಸಿ ಎನ್ನುವುದೇ ಈಗಲೂ ಸರಿಯಾದ ಸಲಹೆ.

ಊರೂರಿಗೆ ಒಯ್ಯುವುದು

ಟೈಲ್‌ಸ್ಪೈಕ್ ಝಳಕ್ಕೆ ಹೆದರುವುದಿಲ್ಲವೆಂದು ಹೇಳಿದೆನಾದರೂ ಜೊತೆಗಾರರು ಅಷ್ಟು ಗಟ್ಟಿಗರಲ್ಲ. ಪೆರಾಕ್ಸಿಡೇಸ್ ಜೋಡಿಸಿದ ಸ್ಟ್ರೆಪ್-ಟ್ಯಾಕ್ಟಿನ್ನಿಗೂ ಟಿಎಂಬಿಗೂ ತಂಪು ಬೇಕು, ಮೇ ತಿಂಗಳಲ್ಲಿ ಅವನ್ನು ಚೀಲದಲ್ಲಿಟ್ಟು ಸುರಪುರಕ್ಕೋ ಔರಾದಕ್ಕೋ ಒಯ್ದರೆ ತಲುಪುವುದರೊಳಗೆ ಕೆಟ್ಟಿರುತ್ತವೆ. ಆದ್ದರಿಂದ ಕ್ಷೇತ್ರಕ್ಕೆ ಒಯ್ಯುವ ರೂಪದಲ್ಲಿ ಕಿಣ್ವವನ್ನೇ ಬಿಟ್ಟು, ಟೈಲ್‌ಸ್ಪೈಕನ್ನು ಬಣ್ಣದ ಲ್ಯಾಟೆಕ್ಸ್ ಮಣಿಗಳ ಮೇಲೆ ಲೇಪಿಸುವ ಪ್ರಯತ್ನ ನಮ್ಮಲ್ಲಿ ನಡೆದಿದೆ. ಮಣಿಗಳನ್ನು ಟೈಲ್‌ಸ್ಪೈಕಿನ ದ್ರವದಲ್ಲಿ ಕೆಲವು ತಾಸು ಮೆಲ್ಲಗೆ ತಿರುಗಿಸಿ, ಬಿಎಸ್‌ಎಯಿಂದ ಮುಚ್ಚಿ, ತೊಳೆದಿಡಬೇಕು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಮಣಿಯ ದ್ರವಕ್ಕೆ ಒಂದು ಹನಿ ಕಾಯಿಸಿದ ಮಾದರಿ ಸೇರಿಸಿ, ಎರಡು ನಿಮಿಷ ಅತ್ತಿತ್ತ ಓಲಾಡಿಸಿ ಬರಿಗಣ್ಣಿನಿಂದ ನೋಡಬೇಕು: ಕೋಶಗಳು ಮಣಿಗಳ ನಡುವೆ ಸೇತುವೆಯಾದರೆ ರವೆಯಂತೆ ಕಾಳುಕಟ್ಟುತ್ತದೆ, ಇಲ್ಲವಾದರೆ ಹಾಲಿನಂತೆ ಉಳಿಯುತ್ತದೆ. ಅಜೈಡ್ ಇಲ್ಲಿ ತೊಂದರೆ ಕೊಡುವುದಿಲ್ಲ, ಕಿಣ್ವವೇ ಇಲ್ಲವಲ್ಲ, ಶೇಕಡಾ 0.02ರಷ್ಟು ಹಾಕಿದರೆ ಬೂಷ್ಟು ಬರುವುದಿಲ್ಲ.

ಇಂಥ ಮಣಿಗಳನ್ನು ಯಾದಗಿರಿಯ ಬಸ್ಸಿನಲ್ಲಿ ಹೋಗಿ ಬರುವವರ ಚೀಲದಲ್ಲಿ ಒಂದು ವಾರ ಸುತ್ತಾಡಿಸಿ, ಫ್ರಿಜ್ಜಿನಲ್ಲೇ ಇದ್ದ ಜೋಡಿಯ ಪಕ್ಕದಲ್ಲಿಟ್ಟು ಒಂದೇ ಮಾದರಿಯೊಂದಿಗೆ ಹೋಲಿಸಿ. ಹಾಗೆಯೇ ಲೇಪಿಸದ ಟೈಲ್‌ಸ್ಪೈಕಿನ ಒಂದು ನಳಿಕೆಯನ್ನೂ ಜೊತೆಗೆ ಕಳಿಸಿ, ಮರಳಿ ಬಂದ ದಿನ ಕುದಿಸಿದ ಮತ್ತು ಕುದಿಸದ ಎರಡು ಬಾವಿಗಳಲ್ಲಿ ಓಡಿಸಿ ನೋಡಿ. ಕುದಿಸದ ಬಾವಿಯ ಪಟ್ಟಿ ಇನ್ನೂ ಮೇಲೆಯೇ ನಿಂತಿದ್ದು ಮಣಿಗಳು ಮಾತ್ರ ಸೋತಿದ್ದರೆ, ದೋಷ ಪ್ರೋಟೀನಿನದಲ್ಲ, ಲೇಪನದ್ದು. ಬಫರಿನ ಪಿಎಚ್ ಬದಲಿಸಿ ಲೇಪನವನ್ನು ಮತ್ತೆ ಮಾಡಬೇಕು.